ಹೇಳುವುದೇನೆಂದರೆ

ನಾಲ್ಕು ತಿಂಗಳಿಂದ ಅದಕ್ಕೊಂದು ಕೋನವಿತ್ತು.
ಚಾರ್ಜರಿನ ಪಿನ್ನು ತೂರಿಸಿ, ಕೊಂಚ ಎಡಕ್ಕೆ ತಿರುಚಿ,
ಕೆಳಗೊಂದು ಮಡಿಸಿದ ಬಸ್ ಟಿಕೆಟ್ಟು ಸಿಕ್ಕಿಸಿ
ಉಸಿರು ಬಿಗಿಹಿಡಿದರೆ
ಹತ್ತುತ್ತಿತ್ತು ದೀಪ, ಸಾಸಿವೆಯಷ್ಟು.

ಕಂದಾಯ ಭವನದ ಹೊರಗೆ, ಹೊಂಗೆಯ ಕೆಳಗೆ,
ಜೆರಾಕ್ಸ್ ಅಂಗಡಿಯಿಂದ ತಿಂಗಳಿಗೆ ಮುನ್ನೂರಕ್ಕೆ
ಎಳೆದುಕೊಂಡ ಕರೆಂಟು,
ಮಡಚುವ ಮೇಜು, ಎರಡು ಸ್ಟೂಲು, ನಾನು.
ಬ್ಯಾಟರಿ ಸತ್ತು ವರ್ಷವಾಗಿತ್ತು.
ಯಾರಾದರೂ ಮೇಜಿಗೆ ಮೊಣಕೈ ಊರಿದರೆ ಸಾಕು,
ಅಫಿಡವಿಟ್ಟು ಅರ್ಧಕ್ಕೇ ಕಣ್ಣು ಮುಚ್ಚುತ್ತಿತ್ತು.

ಅವತ್ತು ಊರಿದವರು ಹುಚ್ಚೀರಯ್ಯ.
ಪಿಂಚಣಿ ಪುಸ್ತಕದಲ್ಲಿ ಹುಚ್ಚೀರಯ್ಯ, ಆಧಾರಿನಲ್ಲಿ ಉಚ್ಚೀರಯ್ಯ.
"ನಾ ಯೋಳಿದ್ದು ಸರಿಯಾಗೇ ಯೋಳ್ದೆ ಕಣವ್ವ,
ಬರಕಂಡೋನು ಅಂಗ್ ಬರಕಂಡ."
ಇಬ್ಬರೂ ಒಬ್ಬನೇ ಎಂದು ಬರೆದುಕೊಡಬೇಕು,
ನಾಲ್ಕು ಗಂಟೆಯೊಳಗೆ.
'ಪ್ರಮಾಣ ಮಾಡಿ ಹೇಳುವುದೇನೆಂದರೆ' ಅಂತ ಬಡಿದೆ.
ಪರದೆ ಕಪ್ಪಾಯಿತು.
ಟಿಕೆಟ್ಟು ಇನ್ನೊಂದು ಮಡಿಕೆ ಮಡಿಸಿದೆ, ಊದಿದೆ, ಬೈದೆ.
ಊಹೂಂ.

ಲ್ಯಾಪ್‌ಟಾಪು ಕಂಕುಳಲ್ಲಿಟ್ಟು ಅವೆನ್ಯೂ ರಸ್ತೆ ಹಿಡಿದೆ.
ಹಿಂದೆಯೇ ಹುಚ್ಚೀರಯ್ಯ, ಕೈಯಲ್ಲಿ ಚಾರ್ಜರು,
ಕರುವಿನ ಹಗ್ಗ ಹಿಡಿದವರ ಹಾಗೆ.
ಎಸ್.ಪಿ. ರಸ್ತೆಯ ಮೊದಲ ಅಂಗಡಿ: "ಬೋರ್ಡೇ ಹೋಗಿದೆ ಮೇಡಂ, ಎಂಟು ಸಾವಿರ."
ಎರಡನೆಯದು: "ಹೊಸದು ತಗೊಂಬಿಡಿ."
ಮೂರನೆಯದು ಮೆಟ್ಟಿಲ ಕೆಳಗೆ, ಬೆಂಚಿನಷ್ಟೇ ಅಗಲ.
ಹಣೆಗೆ ಭೂತಗನ್ನಡಿ ಕಟ್ಟಿಕೊಂಡ ಆರೋಗ್ಯಮೇರಿ
ಏನೂ ಕೇಳಲಿಲ್ಲ. ಪಿನ್ನು ತೂರಿಸಿ, ಬೆರಳಲ್ಲಿ ಅಲ್ಲಾಡಿಸಿ,
ಹಲ್ಲಿನ ಡಾಕ್ಟರ ಹಾಗೆ "ಹ್ಞೂಂ" ಅಂದಳು.

ಹನ್ನೊಂದು ಸ್ಕ್ರೂ,
ಬಿಚ್ಚಿದ ಕ್ರಮದಲ್ಲೇ ಅಯಸ್ಕಾಂತದ ಮೇಲೆ ಸಾಲು.
ಒಳಗೆ ನಾಲ್ಕು ವರ್ಷದ ಹೊಂಗೆ ಹೂವಿನ ಪುಡಿ,
ಒಂದು ಇರುವೆಯ ಒಣ ಹೆಣ,
ಯಾರದೋ ಪಾಸ್‌ಪೋರ್ಟ್ ಫೋಟೋದಿಂದ ಕತ್ತರಿಸಿದ ಬಿಳಿ ಅಂಚು.
"ಬೋರ್ಡ್ ಚೆನ್ನಾಗೇ ಐತೆ. ನೋಡಿ ಇಲ್ಲಿ."
ನೋಡಿದೆ:
ಸಾಕೆಟ್ಟಿನ ಒಂದು ಕಾಲಿನ ಸುತ್ತ, ಬೂದು ಬೆಸುಗೆಯಲ್ಲಿ,
ಕೂದಲಿಗಿಂತ ಸಣ್ಣ ಬಿರುಕು, ಬಳೆಯಂತೆ ದುಂಡಗೆ.
ಇಷ್ಟಕ್ಕಾ?
"ಇಷ್ಟಕ್ಕೇ."

ಕಾದ ಮೊನೆ ತಾಕಿದ್ದೇ ತಡ
ಬೂದು ತವರ ಒಂದು ಗಳಿಗೆ ಕನ್ನಡಿಯಾಯಿತು,
ತಾಮ್ರದ ಜಡೆಯೊಂದು ಅದನ್ನು ಕುಡಿದುಬಿಟ್ಟಿತು.
ರಾಳದ ಹೊಗೆಗೆ ಹುಚ್ಚೀರಯ್ಯ ಮೂಗರಳಿಸಿ,
"ದೂಪ ಆಕ್ದಂಗದೆ."
ಕಿತ್ತ ಸಾಕೆಟ್ಟು ನನ್ನ ಅಂಗೈಗೆ ಬಿತ್ತು,
ಹಾಲುಹಲ್ಲಿನಷ್ಟು ಹಗುರ.
ಇದಕ್ಕೇನಾ ನಾನು ನಾಲ್ಕು ತಿಂಗಳು
ಉಸಿರು ಬಿಗಿಹಿಡಿದು ಬದುಕಿದ್ದು?

ಹೊಸದು ಕೂತಿತು, ಐದು ಕಾಲು ಐದು ತೂತಿಗೆ.
ಕೆಂಪು ಕಡ್ಡಿ ಇಲ್ಲಿ, ಕಪ್ಪು ಕಡ್ಡಿ ಅಲ್ಲಿ;
ಹಳದಿ ಡಬ್ಬಿ ಕೀಂ ಅಂತು.
"ಈ ತುದಿ, ಆ ತುದಿ, ಎರಡೂ ಒಂದೇ ಅಂತ ಹೇಳುತ್ತೆ."
"ಅದುಕ್ಕೆ ಸ್ಟಾಂಪ್ ಪೇಪರ್ ಬ್ಯಾಡ್ವಾ?" ಕೇಳಿದರು ಹುಚ್ಚೀರಯ್ಯ.
ಆರೋಗ್ಯಮೇರಿ ಮೊದಲ ಸಲ ನಕ್ಕಳು.

ನಾನೂರೈವತ್ತು ಕೊಟ್ಟೆ.
"ವೈರ್ ಹಿಡಿದು ಎಳೀಬೇಡಿ, ತಲೆ ಹಿಡಿದು ತೆಗೀರಿ.
ಆ ಟಿಕೆಟ್ ಬಿಸಾಕಿ."
ಪರದೆ ಬೆಳಗಿತು. ಅದು ಹೇಗೋ ಉಳಿಸಿಕೊಂಡಿತ್ತು,
ಹೇಳುವುದೇನೆಂದರೆ,
ಅದರ ಮುಂದೆ ಮಿಟುಕುವ ಗೆರೆ.
ಸ್ಕ್ರೂಗಳ ನಡುವೆಯೇ ಕೂತು ಬಡಿದು ಮುಗಿಸಿದೆ.
ಓಡಿದೆವು.
ಕಂದಾಯ ಭವನದ ಕಿಟಕಿ ಮುಚ್ಚಿತ್ತು.

ಮರುದಿನ ಬೆಳಿಗ್ಗೆ ಹೊಂಗೆಯ ಕೆಳಗೆ ಪಿನ್ನು ಚುಚ್ಚಿದೆ,
ನೆಟ್ಟಗೆ. ಒಂದೇ ಸಲಕ್ಕೆ ದೀಪ.
ಆದರೂ ಹೆಬ್ಬೆರಳು ತಾನಾಗಿ ಎಡಕ್ಕೆ ಒತ್ತುತ್ತಿತ್ತು;
ಟಿಕೆಟ್ಟು ಪರ್ಸಿನಲ್ಲೇ ಇತ್ತು.
ಹುಚ್ಚೀರಯ್ಯ ಬಂದರು, ಕ್ಷೌರ ಮಾಡಿಸಿಕೊಂಡು.
ತಾರೀಖು ತಿದ್ದುವಷ್ಟು ಹೊತ್ತೂ
ಎರಡೂ ಮೊಣಕೈ ಗಾಳಿಯಲ್ಲಿ ಎತ್ತಿ ಹಿಡಿದೇ ಕೂತಿದ್ದರು.
ಊರಿ, ಈಗೇನೂ ಆಗಲ್ಲ, ಅಂದೆ.
"ಇರ್ಲಿ ಬುಡವ್ವ," ಅಂದರು.
ಊರಲಿಲ್ಲ.